14 ತಿಂಗಳ ಕೂಸು, ಐದು ವರ್ಷದ ಮಗಳು, ಸಿಂಗಪುರದ ಪಾರ್ಕು: ಕರ್ಕೊಂಡು ಹೋಗಬಹುದಾ ಡಾಕ್ಟ್ರೇ?

ಪ್ರಶ್ನೆ: ನಾವು ದಾವಣಗೆರೆಯವರು. ಏಪ್ರಿಲ್ ರಜೆಯಲ್ಲಿ ಸಿಂಗಪುರಕ್ಕೆ ಹೋಗಿ ಯೂನಿವರ್ಸಲ್ ಸ್ಟುಡಿಯೋಸ್ ಥೀಮ್ ಪಾರ್ಕು ನೋಡಿ ಬರೋಣ ಅಂತಿದ್ದೇವೆ. ಮಗಳಿಗೆ ಐದು ವರ್ಷ, 104 ಸೆಂಟಿಮೀಟರ್ ಎತ್ತರ. ಆಗುಂಬೆ ಘಾಟಿ ಇಳಿಯುವಾಗ ವಾಂತಿ ಗ್ಯಾರಂಟಿ. ಮಗನಿಗೆ 14 ತಿಂಗಳು, ಇನ್ನೂ ಎದೆಹಾಲು ಕುಡಿಯುತ್ತಾನೆ. ಮನೆಯವರಿಗೆ ಸಿಗುವುದು ಐದೇ ದಿನ ರಜೆ. ಅದಕ್ಕೇ ರಾತ್ರಿ 11ರ ವಿಮಾನ ಹತ್ತಿ, ಬೆಳಿಗ್ಗೆ ಆರಕ್ಕೆ ಇಳಿದು, ಸಾಮಾನು ಹೋಟೆಲಿನಲ್ಲಿಟ್ಟು, ಹತ್ತು ಗಂಟೆಗೆ ಸೀದಾ ಪಾರ್ಕಿಗೆ ಹೋಗುವ ಪ್ಲಾನು. ವಿಮಾನದಲ್ಲಿ ಕೂಸಿನ ಕಿವಿ ಒಡೆಯುತ್ತೆ ಅಂತ ಅತ್ತೆಯವರಿಗೆ ಹೆದರಿಕೆ. ಹತ್ತುವ ಮುಂಚೆ ಶೀತದ ಸಿರಪ್ ಕೊಡಿ, ಸುಮ್ನೆ ಮಲಗ್ತಾನೆ ಅಂತ ಪಕ್ಕದ ಮನೆಯವರು. ದಪ್ಪ ಸೋಲಿನ ಶೂ ಹಾಕಿದರೆ ದೊಡ್ಡ ರೈಡಿಗೂ ಬಿಡ್ತಾರೆ ಅಂತ ನಾದಿನಿ. ಈ ವಯಸ್ಸಿಗೆ ಏನೂ ನೆನಪಿರಲ್ಲ, ದುಡ್ಡು ದಂಡ ಅಂತ ನಮ್ಮಣ್ಣ. ಮಗಳು ಮಾತ್ರ ದಿನಾ ಒಂದೇ ಕೇಳ್ತಾಳೆ: ಅಲ್ಲಿ ಆ ಕಾರ್ಟೂನ್ ಸಿನಿಮಾದ ಮಿನಿಯನ್‌ಗಳು ನಿಜವಾಗ್ಲೂ ಇರ್ತಾವಾ? ಏನು ಮಾಡೋಣ, ಹೇಳಿ.

ಉತ್ತರ: ನಾಲ್ಕು ಜನ ನಾಲ್ಕು ಮಾತು ಹೇಳಿದ್ದಾರೆ, ನೀವು ನಾಲ್ಕನ್ನೂ ಬರೆದು ಕಳಿಸಿದ್ದೀರಿ. ಒಳ್ಳೆಯದಾಯ್ತು. ಒಂದೊಂದೇ ನೋಡೋಣ. ಆದರೆ ಒಂದು ಮಾತು ಮೊದಲೇ ಹೇಳಿಬಿಡ್ತೀನಿ. ನಿಮ್ಮ ಪತ್ರದಲ್ಲಿ ನನಗೆ ನಿಜವಾಗಿ ಆತಂಕ ಆಗಿದ್ದು ಕಿವಿಯ ವಿಷಯಕ್ಕಲ್ಲ. ಆ ಮೊದಲ ದಿನದ ಪ್ಲಾನಿಗೆ. ಅದರ ಬಗ್ಗೆ ನೀವು ಏನೂ ಕೇಳಿಲ್ಲ, ಅದು ಸರಿಯಾಗೇ ಇದೆ ಅಂತ ಅಂದುಕೊಂಡಿದ್ದೀರಿ.

ಲೆಕ್ಕ ಹಾಕಿ. ಬೆಂಗಳೂರಿನ ವಿಮಾನ ನಿಲ್ದಾಣಕ್ಕೆ ರಾತ್ರಿ ಎಂಟಕ್ಕೆ ತಲುಪಬೇಕು ಅಂದರೆ ದಾವಣಗೆರೆಯಿಂದ ಮಧ್ಯಾಹ್ನ ಎರಡಕ್ಕಾದರೂ ಹೊರಡಬೇಕು. 11ಕ್ಕೆ ವಿಮಾನ ಮೇಲೇರುತ್ತದೆ. ಊಟ ಕೊಟ್ಟು ದೀಪ ಆರಿಸುವಷ್ಟರಲ್ಲಿ ಹನ್ನೆರಡೂವರೆ. ಹಾರಾಟ ಇರೋದೇ ಸುಮಾರು ನಾಲ್ಕೂವರೆ ಗಂಟೆ. ಮೂರು ಗಂಟೆಗೆಲ್ಲ ಮತ್ತೆ ದೀಪ ಹಾಕಿ ಬೆಲ್ಟು ಕಟ್ಟಿ ಅಂತಾರೆ. ಸಿಂಗಪುರ ನಮಗಿಂತ ಎರಡೂವರೆ ಗಂಟೆ ಮುಂದೆ. ಅಲ್ಲಿ ಬೆಳಿಗ್ಗೆ ಆರು ಅಂದರೆ ನಿಮ್ಮ ಮಕ್ಕಳ ದೇಹಕ್ಕೆ ಅದು ಬೆಳಗಿನ ಜಾವ ಮೂರೂವರೆ. ಹೋಟೆಲಿನವರು ಕೋಣೆ ಕೊಡೋದು ಸಾಮಾನ್ಯವಾಗಿ ಮಧ್ಯಾಹ್ನ ಎರಡು ಮೂರು ಗಂಟೆಗೆ. ಅಂದರೆ ಎರಡೂವರೆ ಗಂಟೆ ಸೀಟಿನಲ್ಲಿ ಮುದುರಿ ಮಲಗಿದ ಎರಡು ಮಕ್ಕಳನ್ನು, ಅವರಿಗೆ ಬೆಳಿಗ್ಗೆ ಏಳೂವರೆ ಅನ್ನಿಸುವ ಹೊತ್ತಿಗೆ, 32 ಡಿಗ್ರಿ ಬಿಸಿಲು ಮತ್ತು ಮಂಗಳೂರಿನಂಥ ಸೆಕೆಯಲ್ಲಿ ಸಾಲಿನಲ್ಲಿ ನಿಲ್ಲಿಸುತ್ತೀರಿ. 14 ತಿಂಗಳ ಮಗುವಿಗೆ ದಿನಕ್ಕೆ 11ರಿಂದ 14 ಗಂಟೆ ನಿದ್ದೆ ಬೇಕು. ಐದು ವರ್ಷದ ಮಗುವಿಗೆ 10ರಿಂದ 13 ಗಂಟೆ.

ನಾನೂ ಇದೇ ತಪ್ಪು ಮಾಡಿದ್ದೇನೆ. ನನ್ನ ಮಗನಿಗೆ ಆಗ ಮೂರು ವರ್ಷ. ಇಳಿದ ದಿನವೇ ಪಾರ್ಕಿಗೆ ಹೋದೆವು. ಹನ್ನೊಂದು ಗಂಟೆಗೆ ಗೇಟಿನ ಒಳಗೆ ನೆಲದ ಮೇಲೆ ಮಲಗಿ ಅಳೋಕೆ ಶುರು ಮಾಡಿದವನು ನಿಲ್ಲಿಸಲೇ ಇಲ್ಲ. ಹಟ ಅಂತ ಗದರಿದೆ. ಸಂಜೆ ಮೈ ಮುಟ್ಟಿ ನೋಡಿದರೆ ಸುಡುತ್ತಿತ್ತು. ಬೆಳಿಗ್ಗೆಯಿಂದ ಒಂದು ಸಲವೂ ಮೂತ್ರ ಮಾಡಿಲ್ಲ ಅನ್ನೋದು ಆಗ ಹೊಳೆಯಿತು. ಮಕ್ಕಳ ಡಾಕ್ಟರಾಗಿ ನಾನು ಅದನ್ನು ಮಧ್ಯಾಹ್ನವೇ ಗಮನಿಸಬೇಕಿತ್ತು. ಪ್ರವಾಸದಿಂದ ಬಂದು ನನ್ನ ಕ್ಲಿನಿಕ್ಕಿಗೆ ಬರುವ ಮಕ್ಕಳಲ್ಲೂ ನಾನು ಜಾಸ್ತಿ ನೋಡೋದು ಇದನ್ನೇ. ನಿದ್ದೆಗೆಟ್ಟು, ನೀರು ಕಡಿಮೆಯಾಗಿ, ಸರಿಯಾಗಿ ತಿನ್ನದೆ ಸೊರಗಿದ ಮಕ್ಕಳು.

ಈಗ ಅತ್ತೆಯವರ ಹೆದರಿಕೆಗೆ ಬರೋಣ. ಅವರ ಮಾತಿನಲ್ಲಿ ಅರ್ಧ ನಿಜ ಇದೆ, ಅದನ್ನು ತಳ್ಳಿಹಾಕಬೇಡಿ. ವಿಮಾನ 35 ಸಾವಿರ ಅಡಿ ಮೇಲೆ ಹಾರಿದರೂ ಒಳಗಿನ ಗಾಳಿಯ ಒತ್ತಡವನ್ನು ಆರರಿಂದ ಎಂಟು ಸಾವಿರ ಅಡಿ ಎತ್ತರದ ಬೆಟ್ಟದ ಮಟ್ಟದಲ್ಲಿ ಇಟ್ಟಿರುತ್ತಾರೆ. ನಮ್ಮ ಮುಳ್ಳಯ್ಯನಗಿರಿ 6,330 ಅಡಿ, ಊಟಿ 7,300 ಅಡಿಯ ಮೇಲೆ. ಕೂಸನ್ನು ಊಟಿಗೆ ಕರ್ಕೊಂಡು ಹೋಗಲ್ವಾ? ಹಾಗೇ ಇದು. ಕಿವಿ ನೋಯುವುದು ಮುಖ್ಯವಾಗಿ ಇಳಿಯುವಾಗ. ಚಾರ್ಮಾಡಿ ಇಳಿಯುವಾಗ ಕಿವಿ ಮುಚ್ಚಿಕೊಂಡಂತೆ ಆಗಿ, ಉಗುಳು ನುಂಗಿದರೆ ಟಪ್ ಅಂತ ಬಿಡುತ್ತದಲ್ಲ, ಅದೇ ಕಥೆ. ಮೂಗಿನ ಹಿಂಭಾಗದಿಂದ ಕಿವಿಯ ಒಳಗೆ ಒಂದು ಸಣ್ಣ ನಾಳ ಹೋಗುತ್ತದೆ. ನುಂಗಿದಾಗಲೆಲ್ಲ ಅದು ತೆರೆದು ಎರಡೂ ಕಡೆಯ ಒತ್ತಡ ಸಮ ಮಾಡುತ್ತದೆ. ಮಕ್ಕಳಲ್ಲಿ ಆ ನಾಳ ಚಿಕ್ಕದು, ಅಡ್ಡಡ್ಡ ಇರುತ್ತದೆ, ಶೀತ ಇದ್ದರೆ ಬೇಗ ಕಟ್ಟಿಕೊಳ್ಳುತ್ತದೆ. ಅದಕ್ಕೇ ಅಳುತ್ತಾರೆ. ಅಳುವುದರಿಂದಲೂ ಆ ನಾಳ ತೆರೆಯುತ್ತದೆ, ಹಾಗಾಗಿ ಕೂಸು ಅತ್ತರೆ ಗಾಬರಿಯಾಗಬೇಡಿ. ಕಿವಿಯ ತಮಟೆ ಒಡೆಯುವುದು ಬಹಳ ಅಪರೂಪ. ಒಡೆದರೂ ಹೆಚ್ಚಿನ ಮಕ್ಕಳಲ್ಲಿ ತಾನಾಗೇ ಕೂಡಿಕೊಳ್ಳುತ್ತದೆ.

ನೀವು ಮಾಡಬೇಕಾದ್ದು ಒಂದೇ. ಇಳಿಯೋಕೆ ಸುಮಾರು ಅರ್ಧ ಗಂಟೆ ಮುಂಚೆ ಮಗನನ್ನು ಎಬ್ಬಿಸಿ ಎದೆಹಾಲು ಕೊಡಿ. ಮಲಗಿರಲಿ ಪಾಪ ಅಂತ ಬಿಡಬೇಡಿ. ನಿದ್ದೆಯಲ್ಲಿ ಮಕ್ಕಳು ನುಂಗುವುದು ಕಡಿಮೆ, ಎದ್ದ ಮೇಲೆ ಒಮ್ಮೆಲೇ ನೋವು ಶುರುವಾಗುತ್ತದೆ. ಮಗಳಿಗೆ ಸ್ಟ್ರಾ ಹಾಕಿ ನೀರು ಕೊಡಿ. ಕಿವಿಗೆ ಹತ್ತಿ ಇಡುವುದರಿಂದ ಒತ್ತಡಕ್ಕೆ ಏನೂ ಆಗಲ್ಲ. ಬೆಚ್ಚಗಿನ ಕೊಬ್ಬರಿ ಎಣ್ಣೆಯಂತೂ ಬೇಡವೇ ಬೇಡ. ಚ್ಯೂಯಿಂಗ್ ಗಮ್ ತಗೊಂಡು ಹೋಗಿ ಅಂತ ಯಾರಾದರೂ ಹೇಳಬಹುದು. ಸಿಂಗಪುರಕ್ಕೆ ಅದನ್ನು ಒಯ್ಯುವಂತಿಲ್ಲ, 1992ರಿಂದ ಅಲ್ಲಿ ನಿಷೇಧ ಇದೆ.

ಹೊರಡುವ ವಾರ ಜೋರು ಶೀತ, ಕಿವಿನೋವು, ಜ್ವರ ಬಂದರೆ ಮಾತ್ರ ನಿಮ್ಮ ಡಾಕ್ಟರ ಹತ್ತಿರ ಕಿವಿ ತೋರಿಸಿಯೇ ಹೊರಡಿ. ಬರೀ ಮೂಗು ಸೋರುತ್ತಿದ್ದರೆ ಉಪ್ಪುನೀರಿನ ಮೂಗಿನ ಹನಿ ಸಾಕು.

ಸಿರಪ್ ವಿಷಯಕ್ಕೆ ನಾನು ಖಡಾಖಂಡಿತ ಹೇಳ್ತೀನಿ: ಮಲಗಿಸೋಕೆ ಅಂತ ಔಷಧಿ ಕೊಡಬೇಡಿ. ಪಕ್ಕದ ಮನೆಯವರು ಒಳ್ಳೆಯದಕ್ಕೇ ಹೇಳಿರುತ್ತಾರೆ, ಅವರ ಮಕ್ಕಳಿಗೆ ಏನೂ ಆಗದೆಯೂ ಇರಬಹುದು. ಆದರೆ ಶೀತದ ಸಿರಪ್‌ನಲ್ಲಿ ನಿದ್ದೆ ಬರಿಸುವ ಅಂಶ ಚಿಕ್ಕ ಮಕ್ಕಳ ಉಸಿರಾಟವನ್ನೂ ನಿಧಾನ ಮಾಡಬಹುದು. ಪ್ರೊಮೆಥಜಿನ್ ಅನ್ನುವ ಔಷಧಿಯನ್ನು ಎರಡು ವರ್ಷದ ಒಳಗೆ ಕೊಡಲೇಬಾರದು ಅನ್ನೋದು ಇದೇ ಕಾರಣಕ್ಕೆ. ಕ್ಲೋರ್‌ಫೆನಿರಮೈನ್ ಮತ್ತು ಫಿನೈಲೆಫ್ರಿನ್ ಎರಡೂ ಸೇರಿದ ಸಿರಪ್‌ಗಳ ಮೇಲೆ ನಾಲ್ಕು ವರ್ಷದ ಒಳಗಿನ ಮಕ್ಕಳಿಗೆ ಬಳಸಬಾರದು ಅಂತ ಮುದ್ರಿಸಬೇಕು ಎಂದು 2023ರ ಡಿಸೆಂಬರಿನಲ್ಲಿ ನಮ್ಮ ಕೇಂದ್ರದ ಔಷಧ ನಿಯಂತ್ರಕರೇ ಆದೇಶ ಮಾಡಿದ್ದಾರೆ. ಕೆಲವು ಮಕ್ಕಳಲ್ಲಿ ಇದು ಉಲ್ಟಾ ಹೊಡೆಯುತ್ತದೆ ಬೇರೆ. ನಿದ್ದೆ ಬರೋ ಬದಲು ರಾತ್ರಿಯಿಡೀ ಚಡಪಡಿಸಿ ಕಿರುಚುತ್ತಾರೆ. ನೆಲದ ಮೇಲಾದರೆ ಆಸ್ಪತ್ರೆಗೆ ಓಡಬಹುದು. ಬಂಗಾಳ ಕೊಲ್ಲಿಯ ಮೇಲೆ ಹಾರುತ್ತಿರುವಾಗ ಎಲ್ಲಿಗೆ ಓಡ್ತೀರಿ?

ಮಗಳ ವಾಂತಿ ಬೇರೆ ವಿಷಯ. ಓಲಾಟ ಇಲ್ಲದ ವಿಮಾನದಲ್ಲಿ ಘಾಟಿಯಷ್ಟು ತೊಂದರೆ ಸಾಮಾನ್ಯವಾಗಿ ಆಗಲ್ಲ. ರೆಕ್ಕೆಯ ಹತ್ತಿರದ ಸೀಟು ಕೇಳಿ, ಅಲ್ಲಿ ಅಲುಗಾಟ ಕಡಿಮೆ. ನಿಜವಾದ ತೊಂದರೆ ಪಾರ್ಕಿನ ಒಳಗೆ ಕಾಯುತ್ತಿರುತ್ತದೆ. ಕಣ್ಣಿಗೆ 3ಡಿ ಕನ್ನಡಕ ಹಾಕಿ, ದೊಡ್ಡ ಪರದೆಯ ಮುಂದೆ ಸೀಟು ಅಲುಗಾಡಿಸುವ ಸವಾರಿಗಳಿವೆ. ಕಣ್ಣು ಓಡುತ್ತಿದ್ದೇನೆ ಅನ್ನುತ್ತದೆ, ಒಳಕಿವಿ ಇಲ್ಲ ಅನ್ನುತ್ತದೆ, ಹೊಟ್ಟೆ ತೊಳಸುತ್ತದೆ. ಈ ತೊಂದರೆ ಎರಡರಿಂದ ಹನ್ನೆರಡು ವಯಸ್ಸಿನಲ್ಲೇ ಜಾಸ್ತಿ. ಅಂಥದ್ದೇ ಒಂದಾದ ಟ್ರಾನ್ಸ್‌ಫಾರ್ಮರ್ಸ್ ಸವಾರಿಗೆ ಕನಿಷ್ಠ ಎತ್ತರ 102 ಸೆಂಟಿಮೀಟರ್. ನಿಮ್ಮ ಮಗಳನ್ನು ಅದಕ್ಕೆ ಬಿಡುತ್ತಾರೆ. ಆದರೆ ಅಳತೆ ಕೋಲು ಎತ್ತರ ನೋಡುತ್ತದೆ, ಆಗುಂಬೆಯ ವಾಂತಿ ಅದಕ್ಕೆ ಗೊತ್ತಾಗಲ್ಲ. ಅದನ್ನು ನೀವೇ ನೆನಪಿಡಬೇಕು. ವಾಂತಿ ತಡೆಯುವ ಮಾತ್ರೆ ಬೇಕೇ ಬೇಕು ಅಂದರೆ ನಿಮ್ಮ ಡಾಕ್ಟರನ್ನು ಕೇಳಿ, ಅವಳ ತೂಕಕ್ಕೆ ಬರೆಸಿಕೊಂಡು, ಊರಿನಲ್ಲೇ ಒಂದು ಸಲ ಕೊಟ್ಟು ನೋಡಿ. ಹೊಸ ಔಷಧಿಯನ್ನು ಪರದೇಶದಲ್ಲಿ ಮೊದಲ ಸಲ ಕೊಡೋದು ಬೇಡ.

ನಾದಿನಿಯವರ ಶೂ ಉಪಾಯ ಬಹಳ ಜನ ಮಾಡ್ತಾರೆ, ಟ್ಯೂಬ್‌ಲೆಸ್ ಟೈರಿನಷ್ಟು ದಪ್ಪದ ಸೋಲು ಹುಡುಕಿ ಕೊಂಡವರನ್ನೂ ನೋಡಿದ್ದೇನೆ. ಆ ಎತ್ತರದ ಗೆರೆ ಯಾಕಿದೆ ಅಂತ ಯೋಚಿಸಿ. ಸೀಟಿನ ಅಡ್ಡಪಟ್ಟಿ ಮಗುವಿನ ಸೊಂಟದ ಎಲುಬಿನ ಮೇಲೆ ಕೂರಬೇಕು. ಮಗು ಗಿಡ್ಡ ಇದ್ದರೆ ಅದು ಹೊಟ್ಟೆಯ ಮೆತ್ತನೆ ಜಾಗದಲ್ಲಿ ಕೂರುತ್ತದೆ, ಇಲ್ಲವೇ ಮಗು ಅದರ ಕೆಳಗಿನಿಂದ ಜಾರುತ್ತದೆ. ಚಿಕ್ಕ ಮಕ್ಕಳ ತಲೆ ಮೈಗೆ ಹೋಲಿಸಿದರೆ ದೊಡ್ಡದು, ಕತ್ತಿನ ಸ್ನಾಯು ಇನ್ನೂ ಬಲಿತಿಲ್ಲ. ಶೂ ಹಾಕಿದರೆ ನಿಂತಾಗ ಎತ್ತರ ಬರುತ್ತದೆ, ಕೂತಾಗ ಮೈ ಉದ್ದ ಆಗುತ್ತಾ? 104ಕ್ಕೆ ಅವಳಿಗೆ 107ರ ನೀರಿನ ಸವಾರಿ ಸಿಗಲ್ಲ, 122 ಮತ್ತು 125 ಕೇಳುವ ದೊಡ್ಡ ರೋಲರ್ ಕೋಸ್ಟರ್‌ಗಳಂತೂ ದೂರದ ಮಾತು. ಈ ಸಂಖ್ಯೆಗಳನ್ನು ಹೊರಡುವ ಮುಂಚೆ ಪಾರ್ಕಿನವರದೇ ಪುಟದಲ್ಲಿ ಇನ್ನೊಮ್ಮೆ ನೋಡಿ. ಮನೆಯಲ್ಲೇ ಗೋಡೆಗೆ ನಿಲ್ಲಿಸಿ ಗೆರೆ ಎಳೆದು, ಯಾವುದು ಈ ಸಲ, ಯಾವುದು ಮುಂದಿನ ಸಲ ಅಂತ ಅವಳಿಗೆ ಮೊದಲೇ ಹೇಳಿಬಿಡಿ. ಗೇಟಿನ ಹತ್ತಿರ, ಒಂದು ಗಂಟೆ ಸಾಲಿನಲ್ಲಿ ನಿಂತ ಮೇಲೆ, ಇಲ್ಲ ಅನ್ನಿಸಿಕೊಳ್ಳುವ ಮಗುವಿನ ಮುಖ ನೋಡೋಕಾಗಲ್ಲ. ದೊಡ್ಡವರಿಗೆ ಆಸೆ ಇದ್ದರೆ ಮಕ್ಕಳನ್ನು ಒಬ್ಬರು ನೋಡಿಕೊಂಡು ಇನ್ನೊಬ್ಬರು ಹೋಗಿ, ಆಮೇಲೆ ಅದಲು ಬದಲಾಗುವ ವ್ಯವಸ್ಥೆ ಪಾರ್ಕಿನಲ್ಲಿದೆ. ಸವಾರಿಯ ಬಾಗಿಲಲ್ಲಿ ಕೇಳಿ.

ನಿಮ್ಮಣ್ಣ ಹೇಳಿದ ನೆನಪಿನ ಮಾತು ತಪ್ಪೇನಲ್ಲ. ಹೆಚ್ಚಿನವರಿಗೆ ಮೂರು, ಮೂರೂವರೆ ವಯಸ್ಸಿಗಿಂತ ಹಿಂದಿನದು ನೆನಪಿರಲ್ಲ. ಮಗನಿಗೆ ಇದು ಏನೂ ಉಳಿಯಲ್ಲ, ಮಗಳಿಗೆ ಅಲ್ಲೊಂದು ಇಲ್ಲೊಂದು ಚೂರು ಉಳಿಯಬಹುದು. ಆದರೆ ಈ ಲೆಕ್ಕ ಹಿಡಿದರೆ ಕೂಸಿಗೆ ಜೋಗುಳ ಹಾಡುವುದೂ ದಂಡವೇ ಅಲ್ವಾ? ಹೋಗಬೇಕಾ ಬೇಡವಾ ಅನ್ನೋದನ್ನು ನೆನಪಿನ ಮೇಲೆ ತೀರ್ಮಾನ ಮಾಡಬೇಡಿ. ನಿಮ್ಮ ಮುಂದೆ ಇರುವ ದಾರಿಗಳನ್ನು ನೋಡಿ.

ಒಂದು, ಎರಡು ಮೂರು ವರ್ಷ ಮುಂದಕ್ಕೆ ಹಾಕೋದು. ಮಗಳು 120ರ ಹತ್ತಿರ ಬಂದಿರುತ್ತಾಳೆ, ಮಗ ಡೈಪರ್ ಬಿಟ್ಟಿರುತ್ತಾನೆ. ಖರ್ಚು ಮಾತ್ರ ಏರುತ್ತದೆ. ಎರಡು ವರ್ಷದ ಒಳಗಿನ ಕೂಸು ತೊಡೆಯ ಮೇಲೆ ಕೂತರೆ ಬಹಳಷ್ಟು ವಿಮಾನದವರು ದೊಡ್ಡವರ ದರದ ಹತ್ತರಲ್ಲೊಂದು ಭಾಗದಷ್ಟು ತಗೋತಾರೆ, ಎರಡು ದಾಟಿದರೆ ಸ್ವಂತ ಸೀಟು ಬೇಕು. ಈ ಪಾರ್ಕಿನಲ್ಲಿ ನಾಲ್ಕು ವರ್ಷದ ಒಳಗಿನವರಿಗೆ ಟಿಕೆಟ್ ಇಲ್ಲ. ಇನ್ನೊಂದು, ಮಗನನ್ನು ಅಜ್ಜಿಯ ಹತ್ತಿರ ಬಿಟ್ಟು ಮೂವರೇ ಹೋಗೋದು. ಹತ್ತರಿಂದ ಹದಿನೆಂಟು ತಿಂಗಳವರೆಗೆ ಅಮ್ಮ ಕಣ್ಮರೆಯಾದರೆ ಮಕ್ಕಳಿಗೆ ಅತಿ ಹೆಚ್ಚು ಸಂಕಟ. ಎದೆಹಾಲು ಕುಡಿಯುವ ಕೂಸನ್ನು ಐದು ದಿನ ಬಿಟ್ಟರೆ ನಿಮಗೂ ಎದೆಯಲ್ಲಿ ಹಾಲು ಕಟ್ಟಿಕೊಂಡು ಜ್ವರ ಬರಬಹುದು. ಅಜ್ಜಿ ಮೊಮ್ಮಗ ಎಷ್ಟೇ ಹೊಂದಿಕೊಂಡಿದ್ದರೂ ನನಗೆ ಈ ದಾರಿ ಮನಸ್ಸಿಗೆ ಬರಲಿಲ್ಲ. ಮೂರನೆಯದು, ನಾಲ್ವರೂ ಹೋಗಿ ಪ್ಲಾನು ಬದಲಿಸೋದು. ಇದೇ ನನಗೆ ಸರಿ ಕಾಣೋದು, ಸಿಂಗಪುರ ಆಗಿರೋದರಿಂದ. ಇದೇ ವಯಸ್ಸಿನ ಮಕ್ಕಳನ್ನು ಅಮೆರಿಕದ ಆರ್ಲ್ಯಾಂಡೊಗೆ ಕರ್ಕೊಂಡು ಹೋಗ್ತೀವಿ ಅಂದಿದ್ದರೆ ಕಾಯಿರಿ ಅಂತಿದ್ದೆ. ಅಲ್ಲಿ ಗಡಿಯಾರ ಹೆಚ್ಚುಕಡಿಮೆ ಹಗಲು ರಾತ್ರಿ ಅದಲು ಬದಲಾಗುತ್ತದೆ, ಹೊಂದಿಕೊಳ್ಳೋಕೆ ಒಂದು ವಾರವೇ ಬೇಕು, ನಿಮಗೆ ಇರೋದು ಐದು ದಿನ.

ಹೊಸ ಪ್ಲಾನು ಹೀಗಿರಲಿ. ಸಾಧ್ಯವಾದರೆ ಹಗಲಿನ ವಿಮಾನ. ರಾತ್ರಿಯದೇ ಆದರೆ ಹಿಂದಿನ ರಾತ್ರಿಯ ಬಾಡಿಗೆಯನ್ನೂ ಕಟ್ಟಿ, ಬೆಳಿಗ್ಗೆ ಏಳೂವರೆಗೆ ಸೀದಾ ಕೋಣೆಗೆ ಹೋಗುವಂತೆ ಮಾಡಿಕೊಳ್ಳಿ. ದುಬಾರಿ ಅನ್ನಿಸುತ್ತದೆ, ಆದರೆ ಇಡೀ ಪ್ರವಾಸದಲ್ಲಿ ಇದಕ್ಕಿಂತ ಒಳ್ಳೆಯ ಖರ್ಚು ಇನ್ನೊಂದಿಲ್ಲ. ಹನ್ನೊಂದರವರೆಗೆ ಎಲ್ಲರೂ ಮಲಗಿ. ಸಂಜೆ ಗಾರ್ಡನ್ಸ್ ಬೈ ದ ಬೇ ತೋಟಕ್ಕೆ ಹೋಗಿ. 7:45ಕ್ಕೆ ಮತ್ತು 8:45ಕ್ಕೆ ಅಲ್ಲಿನ ಮರದಾಕಾರದ ದೊಡ್ಡ ಗೋಪುರಗಳ ದೀಪದ ಆಟ ಇರುತ್ತದೆ, ಬಿಟ್ಟಿ. ಅಲ್ಲಿಯ ಎಂಟೂಮುಕ್ಕಾಲು ಅಂದರೆ ನಮ್ಮ ಆರೂಕಾಲು, ಮಕ್ಕಳು ಚುರುಕಾಗೇ ಇರುತ್ತಾರೆ. ಎರಡೂವರೆ ಗಂಟೆಯ ವ್ಯತ್ಯಾಸಕ್ಕೆ ಮಕ್ಕಳನ್ನು ಪೂರ್ತಿ ಹೊಂದಿಸೋಕೆ ಹೋಗಬೇಡಿ. ಅವರು ತಡವಾಗಿ ಮಲಗಿ ತಡವಾಗಿ ಏಳಲಿ. ಪಾರ್ಕಿನ ಹಿಂದಿನ ರಾತ್ರಿ ಮಾತ್ರ ಸ್ವಲ್ಪ ಬೇಗ ದೀಪ ಆರಿಸಿ.

ಪಾರ್ಕು ಮೂರನೇ ದಿನ, ವಾರದ ನಡುವೆ. ಹತ್ತಕ್ಕೆ ಒಳಗೆ, ಒಂದೂವರೆಗೆ ಹೊರಗೆ. ಅದೇ ದಿನ ಮತ್ತೆ ಬರ್ತೀವಿ ಅಂತ ಗೇಟಿನಲ್ಲಿ ಕೇಳಿಕೊಂಡು, ಹೋಟೆಲಿಗೆ ಹೋಗಿ ಮಗನನ್ನು ಮಲಗಿಸಿ, ಆಗುವುದಾದರೆ ನಾಲ್ಕಕ್ಕೆ ಮತ್ತೆ ಹೋಗಿ. ಆಗದಿದ್ದರೆ ಬಿಡಿ. ಮಧ್ಯಾಹ್ನ ಗುಡುಗು ಮಳೆ ಬರೋದು ಅಲ್ಲಿ ಮಾಮೂಲು, ಆಗ ಹೊರಗಿನ ಸವಾರಿಗಳನ್ನು ನಿಲ್ಲಿಸುತ್ತಾರೆ. ಟಿಕೆಟ್ಟಿಗೆ ಇಷ್ಟು ಕೊಟ್ಟಿದ್ದೀವಿ, ಎಲ್ಲಾ ನೋಡಲೇಬೇಕು ಅನ್ನುವ ಹಟ ನಮ್ಮದು, ಮಕ್ಕಳದ್ದಲ್ಲ. ಮಕ್ಕಳಿಗೆ ಮೂರು ಸವಾರಿ, ಒಂದು ಐಸ್‌ಕ್ರೀಮು, ಬಾತುಕೋಳಿ ಕಂಡರೆ ಅದರ ಹಿಂದೆ ಹತ್ತು ನಿಮಿಷ ಓಟ. ಅಷ್ಟಕ್ಕೇ ತೃಪ್ತಿ.

ಹೊರಡುವ ತಿಂಗಳ ಮುಂಚೆ ಒಂದು ದಿನ ಬಿಡದಿಯ ವಂಡರ್‌ಲಾಗೆ ಹೋಗಿ ಬನ್ನಿ. ಮಗಳು ಸಾಲಿನಲ್ಲಿ ಎಷ್ಟು ಹೊತ್ತು ನಿಲ್ತಾಳೆ, ಕತ್ತಲ ಕೋಣೆ, ಜೋರು ಸದ್ದು, ವೇಷ ಹಾಕಿದವರು ಬಂದರೆ ಹೆದರ್ತಾಳಾ ಅನ್ನೋದು ಅಲ್ಲೇ ಗೊತ್ತಾಗುತ್ತದೆ.

ಬಿಸಿಲಿನ ಬಗ್ಗೆ ಒಂದು ಮಾತು. ತಳ್ಳುಗಾಡಿಯಲ್ಲಿ ಮಲಗಿದ ಕೂಸಿನ ಮೇಲೆ ನೆರಳಿಗೆ ಅಂತ ವೇಲ್ ಹೊದಿಸುತ್ತೇವಲ್ಲ, ಅದು ಬೇಡ. ಒಳಗೆ ಗಾಳಿ ಆಡದೆ ಬಿಸಿ ಏರುತ್ತದೆ, ಹೊರಗಿನಿಂದ ಗೊತ್ತಾಗಲ್ಲ. ಗಾಡಿಯನ್ನೇ ನೆರಳಿಗೆ ತಳ್ಳಿ. ಮೂರು ನಾಲ್ಕು ಗಂಟೆಗೊಮ್ಮೆ ಡೈಪರ್ ಒದ್ದೆ ಆಗಿದೆಯಾ ನೋಡಿ. ಆರು ಗಂಟೆ ಒಣಗಿದ್ದರೆ ಆ ದಿನದ ತಿರುಗಾಟ ಅಲ್ಲಿಗೇ ನಿಲ್ಲಿಸಿ. ಅಲ್ಲಿ ನಲ್ಲಿ ನೀರು ಕುಡಿಯಬಹುದು, ಬಾಟಲಿ ತುಂಬಿಸಿಕೊಳ್ಳುತ್ತಿರಿ. ಓಆರ್‌ಎಸ್ ಪುಡಿಯ ಒಂದು ಲೀಟರಿನ ಪೊಟ್ಟಣ ನಾಲ್ಕಾರು ಇಲ್ಲಿಂದಲೇ ಒಯ್ಯಿರಿ. ಡಬ್ಬಿಯಲ್ಲಿ ಬರುವ ಸಿಹಿ ಪಾನೀಯ ಅದಕ್ಕೆ ಬದಲಿಯಲ್ಲ. ಡೆಂಗಿ ಅಲ್ಲೂ ಇದೆ, ಆ ಸೊಳ್ಳೆ ಹಗಲು ಕಚ್ಚುತ್ತದೆ, ತೆಳು ಹತ್ತಿಯ ತುಂಬು ತೋಳಿನ ಅಂಗಿ ಹಾಕಿ.

ಪ್ಯಾರಾಸಿಟಮಾಲ್ ಒಯ್ಯುವಾಗ ಇದನ್ನು ಮರೆಯಬೇಡಿ: ಒಂದೇ ಹೆಸರಿನ ಬಾಟಲಿ ಐದು ಎಂಎಲ್‌ಗೆ 120 ಮಿಲಿಗ್ರಾಂನಲ್ಲೂ ಬರುತ್ತದೆ, 250ರಲ್ಲೂ ಬರುತ್ತದೆ. ಎರಡು ಮಕ್ಕಳ ತೂಕ, ಯಾರಿಗೆ ಎಷ್ಟು ಎಂಎಲ್ ಅನ್ನೋದನ್ನು ಡಾಕ್ಟರ ಹತ್ತಿರ ಬರೆಸಿ ಆ ಬಾಟಲಿಗೇ ಅಂಟಿಸಿ. ಪರದೇಶದಲ್ಲಿ ರಾತ್ರಿ ಎರಡು ಗಂಟೆಗೆ ಲೆಕ್ಕ ಹಾಕೋಕೆ ಯಾರಿಂದಲೂ ಆಗಲ್ಲ. ಮಗನಿಗೆ 15 ತಿಂಗಳ ಲಸಿಕೆಗಳು ಹತ್ತಿರ ಬಂದಿವೆ, ಫ್ಲೂ ಲಸಿಕೆ ಕೆಲಸ ಮಾಡೋಕೆ ಎರಡು ವಾರ ಬೇಕು. ಹಾಗಾಗಿ ಈಗಲೇ ಕಾರ್ಡು ತೋರಿಸಿ. ಮಕ್ಕಳ ಹೆಸರೂ ಇರುವ ಪ್ರಯಾಣ ವಿಮೆ ಮಾಡಿಸಿ. ಅಲ್ಲಿ ಆಂಬುಲೆನ್ಸಿಗೆ 995. ಕೆಕೆ ಮಹಿಳಾ ಮತ್ತು ಮಕ್ಕಳ ಆಸ್ಪತ್ರೆಯಲ್ಲಿ ಮಕ್ಕಳ ತುರ್ತು ವಿಭಾಗ ಹಗಲು ರಾತ್ರಿ ತೆರೆದಿರುತ್ತದೆ.

ಊಟಕ್ಕೆ ಚಿಂತೆ ಬೇಡ, ಸೆರಂಗೂನ್ ರಸ್ತೆಯಲ್ಲಿ ಇಡ್ಲಿ, ಮೊಸರನ್ನ ಸಿಗುತ್ತದೆ. ಮಗನಿಗೆ ರಾಗಿ ಸರಿ ಹಿಟ್ಟು ಒಯ್ಯಿರಿ. ಆದರೆ ಅತ್ತೆಯವರು ಪ್ರೀತಿಯಿಂದ ಉಂಡೆ ಮಾಡಿಕೊಟ್ಟರೆ ಅದರಲ್ಲಿ ಗಸಗಸೆ ಹಾಕಿಲ್ಲ ತಾನೆ ಅಂತ ಕೇಳಿ. ಸಿಂಗಪುರಕ್ಕೆ ಗಸಗಸೆ ತರುವಂತಿಲ್ಲ.

ಓಡಾಟಕ್ಕೆ ಮೆಟ್ರೋ ರೈಲೇ ಒಳ್ಳೆಯದು, ತಳ್ಳುಗಾಡಿ ಮಡಚದೆ ಹತ್ತಿಸಬಹುದು. ಆ್ಯಪ್‌ನಲ್ಲಿ ಕಾರು ಕರೆಯುವಾಗ ಮಕ್ಕಳ ಸೀಟು ಇರುವುದನ್ನೇ ಆರಿಸಿ. 1.35 ಮೀಟರಿಗಿಂತ ಗಿಡ್ಡ ಇರುವ ಮಕ್ಕಳಿಗೆ ಅಲ್ಲಿ ಅದು ಕಾನೂನು. ಟ್ಯಾಕ್ಸಿಗೆ ವಿನಾಯಿತಿ ಇದೆ, ಆದರೆ ತೊಡೆಯ ಮೇಲಿನ ಕೂಸಿಗೆ ಅಪಘಾತದಲ್ಲಿ ವಿನಾಯಿತಿ ಇರಲ್ಲ.

ಕೂಸಿಗೂ ಪ್ರತ್ಯೇಕ ಪಾಸ್‌ಪೋರ್ಟ್ ಬೇಕು, ಅದಕ್ಕೆ ಅಪ್ಪ ಅಮ್ಮ ಇಬ್ಬರೂ ಸಹಿ ಹಾಕಿದ ಅನುಬಂಧ ಡಿ ಅನ್ನುವ ಘೋಷಣಾ ಪತ್ರ ಬೇಕು. ಮಗಳದ್ದು ಇದ್ದರೆ ಅವಧಿ ನೋಡಿ, ಮಕ್ಕಳದ್ದು ಐದೇ ವರ್ಷ. ವೀಸಾ ನಾಲ್ವರಿಗೂ. ಸಿಂಗಪುರ ತಲುಪುವ ಮುಂಚಿನ ಮೂರು ದಿನದ ಒಳಗೆ ಪ್ರತಿಯೊಬ್ಬರ ಹೆಸರಲ್ಲೂ ಅರೈವಲ್ ಕಾರ್ಡ್ ತುಂಬಬೇಕು. ಅದು ಉಚಿತ, ದುಡ್ಡು ಕೇಳಿದರೆ ಅದು ಸರ್ಕಾರದ ಪುಟ ಅಲ್ಲ.

ಪಾರ್ಕಿಗೆ ಹೊರಡುವ ಬೆಳಿಗ್ಗೆ ಇಬ್ಬರದೂ ಒಂದು ಫೋಟೋ ತೆಗೆಯಿರಿ, ಆ ದಿನದ ಬಟ್ಟೆ ಚಪ್ಪಲಿ ಕಾಣುವ ಹಾಗೆ. ಮಗಳ ಕೈಗೆ ನಿಮ್ಮ ನಂಬರು ಬರೆದ ಪಟ್ಟಿ ಕಟ್ಟಿ. ತಪ್ಪಿಸಿಕೊಂಡರೆ ಹುಡುಕಿಕೊಂಡು ಓಡಬೇಡ, ಅಲ್ಲೇ ನಿಲ್ಲು, ಎದೆಯ ಮೇಲೆ ಹೆಸರಿನ ಬಿಲ್ಲೆ ಇರುವವರಿಗೆ ಕೈಪಟ್ಟಿ ತೋರಿಸು ಅಂತ ಮನೆಯಲ್ಲೇ ಆಟದ ಹಾಗೆ ನಾಲ್ಕು ಸಲ ಆಡಿಸಿ.

ಮತ್ತೆ ಅವಳ ಪ್ರಶ್ನೆ. ಇರ್ತಾವೆ ಪುಟ್ಟಿ. 2025ರ ಫೆಬ್ರವರಿಯಲ್ಲಿ ಆ ಪಾರ್ಕಿನಲ್ಲಿ ಮಿನಿಯನ್ ಲ್ಯಾಂಡ್ ಅಂತಲೇ ಒಂದು ದೊಡ್ಡ ಜಾಗ ಶುರುವಾಗಿದೆ. ಬೆಳಿಗ್ಗೆ ಗೇಟು ತೆರೆದ ತಕ್ಷಣ ಮೊದಲು ಅಲ್ಲಿಗೇ ಕರ್ಕೊಂಡು ಹೋಗು ಅಂತ ಅಪ್ಪನಿಗೆ ಹೇಳು, ಆಗ ನಿನಗೂ ಸುಸ್ತಾಗಿರಲ್ಲ.